ಹಾರೋಹಳ್ಳಿ ಗುಡ್ಡಕ್ಕೆ ಒಂದಡಿಯ ದಾರಿ

ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ಕಗ್ಗಲೀಪುರ ದಾಟಿದರೆ ಎಡಗಡೆಗೆ ಬನ್ನೇರುಘಟ್ಟದ ಗುಡ್ಡಸಾಲು ಜೊತೆಗೇ ಬರತೊಡಗುತ್ತದೆ. ಹಾರೋಹಳ್ಳಿಯ ಹೊತ್ತಿಗೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ರಾಗಿ ಹೊಲ, ಹಿಪ್ಪುನೇರಳೆ ತೋಟ, ಕುರುಚಲು ಕಾಡು ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು ಕಾಣಿಸುತ್ತವೆ. ಭಾನುವಾರ ಬೆಳಗಿನ ಜಾವ ಈ ರಸ್ತೆಯಲ್ಲಿ ಸೈಕಲ್ ಸವಾರರ ಗುಂಪುಗಳು ಕಂಡೇ ಕಾಣುತ್ತವೆ. ತೆಳು ಟೈರಿನವರು ಡಾಂಬರು ಬಿಡದೆ ನೇರ ಹೋಗುತ್ತಾರೆ. ದಪ್ಪ ಟೈರು, ಅಗಲ ಹ್ಯಾಂಡಲು, ಮುಂದೆ ಸ್ಪ್ರಿಂಗ್ ಇರುವ ಫೋರ್ಕಿನವರು ಯಾವುದೋ ಹಳ್ಳಿಯ ಕೈಮರದ ಬಳಿ ಮಣ್ಣಿನ ಓಣಿಗೆ ಇಳಿದುಬಿಡುತ್ತಾರೆ. ಮೌಂಟೇನ್ ಬೈಕಿನವರು ಇವರು. ಇವರು ಹುಡುಕಿಕೊಂಡು ಬರುವುದು ಗುಡ್ಡದ ಮೈಮೇಲೆ ಸುತ್ತಿಕೊಂಡು ಹೋಗುವ, ಒಂದಡಿ ಅಗಲದ ದಾರಿಯನ್ನು.

ಆ ಒಂದಡಿ ದಾರಿ ತಾನಾಗಿ ಆಗುವುದಿಲ್ಲ. ಅದನ್ನು ಮಾಡುವುದು ಒಂದು ಕಸುಬು, ಕೆಲವು ದೇಶಗಳಲ್ಲಿ ಪೂರ್ಣಾವಧಿಯ ವೃತ್ತಿ. ನಮ್ಮಲ್ಲಿ ಸೈಕಲ್ಲಿನ ಬಗ್ಗೆ ನಡೆಯುವಷ್ಟು ಮಾತು ದಾರಿಯ ಬಗ್ಗೆ ನಡೆಯುವುದಿಲ್ಲ.

ಕ್ರೀಡೆಯ ಚರಿತ್ರೆ ಚಿಕ್ಕದು. ಕ್ಯಾಲಿಫೋರ್ನಿಯಾದ ಮೌಂಟ್ ಟಮಾಲ್ಪಾಯಿಸ್ ಸುತ್ತಿನ ಗುಡ್ಡಗಳಲ್ಲಿ 1976ರಿಂದ ಕೆಲವು ಗೆಳೆಯರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಕಡಿದಾದ ಮಣ್ಣುರಸ್ತೆಯಲ್ಲಿ ಇಳಿಯುವ ಪಂದ್ಯ ನಡೆಸಿದರು. ಬ್ರೇಕು ಇದ್ದದ್ದು ಹಿಂದಿನ ಹಬ್ಬಿನೊಳಗೆ. ಒಂದು ಸಲ ಇಳಿದರೆ ಅದರ ಗ್ರೀಸು ಸುಟ್ಟು ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರು ಬಂದದ್ದು ಹಾಗೆ. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೌಂಟೇನ್ ಬೈಕ್ ಸೇರಿತು. ಕರ್ನಾಟಕಕ್ಕೂ ಇದು ಹೊಸತಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಗದಗಿನಲ್ಲೂ ನಡೆದಿದೆ. ಸೈಕ್ಲಿಂಗ್ ಎಂದರೆ ಮನೆಮಾತಾಗಿರುವ ಗದಗ, ವಿಜಯಪುರ, ಬಾಗಲಕೋಟೆಗಳ ಕಡೆಯ ಹುಡುಗ ಹುಡುಗಿಯರಿಗೆ ಅದು ತವರಿನ ಪಂದ್ಯ.

ಈಗ ದಾರಿಯ ವಿಷಯ. ಗುಡ್ಡದ ಮೇಲೆ ಸೈಕಲ್ ದಾರಿಗೆ ಮೊದಲ ಶತ್ರು ನೀರು. ಹಾರೋಹಳ್ಳಿ ಸೀಮೆಯ ಕೆಂಪು ಮರಳುಮಣ್ಣು ತೆಳ್ಳಗೆ ಬಂಡೆಯ ಮೇಲೆ ಕೂತಿರುವಂಥದ್ದು. ಮುಂಗಾರು ಪೂರ್ವದ ಒಂದು ಜೋರು ಮಳೆಗೆ, ನೇರ ಇಳಿಯುವ ಯಾವುದೇ ದಾರಿ ಕೊರಕಲು ಬೀಳುತ್ತದೆ. ಮರುವರ್ಷ ಅದು ಮೊಣಕಾಲುದ್ದ ಆಗಿರುತ್ತದೆ. ಸವಾರರು ಕೊರಕಲು ತಪ್ಪಿಸಲು ಪಕ್ಕಕ್ಕೆ ಸರಿಯುತ್ತಾರೆ, ಅಲ್ಲೊಂದು ಹೊಸ ಗೀಟು ಬೀಳುತ್ತದೆ, ಮುಂದಿನ ಮಳೆಗೆ ಅದೂ ಕೊರಕಲು. ಹೀಗೆ ಒಂದಡಿಯ ದಾರಿ ಹತ್ತಡಿ ಬೋಳು ನೆಲವಾಗುತ್ತದೆ. ಬೆಂಗಳೂರಿನ ಸುತ್ತ ಯಾರೂ ಯೋಚಿಸಿ ಮಾಡದೆ, ಓಡಾಡಿ ಆದ ದಾರಿಗಳ ಗತಿ ಬಹುಪಾಲು ಇದೇ.

ಇದಕ್ಕೆ ಮದ್ದು ಜಗತ್ತಿನೆಲ್ಲೆಡೆ ದಾರಿ ಮಾಡುವವರು ಒಪ್ಪಿಕೊಂಡ ಸರಳ ಲೆಕ್ಕದಲ್ಲಿದೆ. 1988ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮೌಂಟೇನ್ ಬೈಕ್ ಸವಾರರ ಅಂತರರಾಷ್ಟ್ರೀಯ ಸಂಘ ಅದನ್ನು ನಿಯಮವಾಗಿ ಹರಡಿತು. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ಇಳಿಜಾರು ದಾರಿಗೆ ಇರಬಾರದು. ಗುಡ್ಡ ನೂರು ಅಡಿಗೆ ಇಪ್ಪತ್ತಡಿ ಇಳಿಯುತ್ತಿದ್ದರೆ ದಾರಿ ಹತ್ತಡಿಗಿಂತ ಹೆಚ್ಚು ಇಳಿಯಕೂಡದು. ಇದನ್ನು ಮೀರಿದರೆ ನೀರು ದಾರಿಯನ್ನು ಅಡ್ಡ ದಾಟುವುದು ಬಿಟ್ಟು, ದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಒಟ್ಟು ದಾರಿಯ ಸರಾಸರಿ ಇಳಿಜಾರು ನೂರಕ್ಕೆ ಹತ್ತರೊಳಗೆ ಇರಬೇಕು. ದಾರಿಯ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ತಗ್ಗಿರಬೇಕು. ಅಲ್ಲಲ್ಲಿ ದಾರಿ ಒಂದಿಷ್ಟು ಏರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ಹೊರಗೆ ಹೋಗುತ್ತದೆ. ಸವಾರನಿಗೆ ಆ ಏರಿಳಿತವೇ ಮಜಾ. ಗುಡ್ಡವನ್ನು ಉಳಿಸುವ ಲೆಕ್ಕವೂ ಸವಾರನ ಸುಖವೂ ಒಂದೇ ಕಡೆ ಸೇರುವ ಈ ಗುಣಕ್ಕೇ ನನಗೆ ಈ ಕಸುಬಿನ ಮೇಲೆ ಅಷ್ಟು ಪ್ರೀತಿ.

ಇದನ್ನು ಹಾರೋಹಳ್ಳಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಇಲ್ಲಿನ ಯಾವುದೇ ಗೋಮಾಳದ ಗುಡ್ಡ ನೋಡಿ. ದನಗಳ ಜಾಡು ಗುಡ್ಡವನ್ನು ಓರೆಯಾಗಿ, ನಿಧಾನಕ್ಕೆ ಏರುತ್ತದೆ. ಬಂಡೆ ಬಂದಲ್ಲಿ ಸುತ್ತು ಹಾಕುತ್ತದೆ. ದನ ಮೇಯಿಸಿದವರಿಗೆ ಯಾವ ಮಗ್ಗುಲು ಮಳೆಗಾಲದಲ್ಲಿ ಜಾರುತ್ತದೆ, ಎಲ್ಲಿ ಒರತೆ ಏಳುತ್ತದೆ ಎಂಬುದು ಗೊತ್ತು. ಕಲ್ಲಿನ ಕೆಲಸ ಬಲ್ಲವರಂತೂ ಈ ಸೀಮೆಯಲ್ಲಿ ಹೇರಳ. ಈ ಭಾಗದ ಗ್ರಾನೈಟಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು, ರಾಮನಗರದ ಹಳೆಯ ಹೆಸರಿನಿಂದ ಬಂದದ್ದು; ವಯಸ್ಸು ಸುಮಾರು 250 ಕೋಟಿ ವರ್ಷ. ನೀರು ಹಾಯುವ ಕಡೆ ದಾರಿಗೆ ಕಲ್ಲು ಹಾಸಿ ಬಿಗಿ ಮಾಡಬೇಕಾದಾಗ ಸಿಮೆಂಟಿಲ್ಲದೆ ಕಲ್ಲು ಕೂಡಿಸುವ ಕೈ ಬೇಕು. ಅಂಥ ಕೈ ಇಲ್ಲಿದೆ. ಒಣಗಿದ ಗ್ರಾನೈಟ್ ಹಾಸುಬಂಡೆಯ ಮೇಲೆ ಟೈರಿಗೆ ಸಿಗುವ ಹಿಡಿತವೂ ಅಪರೂಪದ್ದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅದೇ ಬಂಡೆ ಅಪಾಯಕಾರಿ.

ಹಾಗಾದರೆ ದಾರಿ ಎಲ್ಲಿ? ಕಾಡಿನ ನಕ್ಷೆ ನೋಡದೆ ಇದಕ್ಕೆ ಉತ್ತರ ಇಲ್ಲ. ಹಾರೋಹಳ್ಳಿಯ ಪೂರ್ವಕ್ಕಿರುವುದು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. 1974ರಲ್ಲಿ ಉದ್ಯಾನವೆಂದು ಘೋಷಣೆಯಾಗಿ ಆಮೇಲೆ ವಿಸ್ತಾರಗೊಂಡು ಈಗ ಸುಮಾರು 260 ಚದರ ಕಿಲೋಮೀಟರ್ ಆಗಿದೆ. ಬನ್ನೇರುಘಟ್ಟ, ಆನೇಕಲ್, ಕೋಡಿಹಳ್ಳಿಗಳಂತೆ ಹಾರೋಹಳ್ಳಿಯೂ ಅದರ ಒಂದು ವಲಯ. ಬೆಂಗಳೂರಿನವರು ಸಫಾರಿ, ಮೃಗಾಲಯ, 2006ರಲ್ಲಿ ತೆರೆದ ಚಿಟ್ಟೆ ಉದ್ಯಾನ ನೋಡಿ ಬನ್ನೇರುಘಟ್ಟ ಎಂದರೆ ಅಷ್ಟೇ ಎಂದುಕೊಂಡಿರುತ್ತಾರೆ. ಅದು ಜೈವಿಕ ಉದ್ಯಾನ, ಇಡೀ ಕಾಡಿನ ಉತ್ತರ ತುದಿಯ ಒಂದು ಚೂರು. ಉಳಿದದ್ದು ದಕ್ಷಿಣಕ್ಕೆ ಉದ್ದಕ್ಕೆ ಇಳಿದು ಕಾವೇರಿ ವನ್ಯಜೀವಿ ಧಾಮಕ್ಕೂ ತಮಿಳುನಾಡಿನ ಹೊಸೂರು ಕಡೆಯ ಕಾಡಿಗೂ ಕೂಡಿಕೊಳ್ಳುತ್ತದೆ. ಅಗಲ ಮಾತ್ರ ಕೆಲವೆಡೆ ತೀರಾ ಇಕ್ಕಟ್ಟು. ಆ ಇಕ್ಕಟ್ಟಿನಲ್ಲೇ ಆನೆಗಳು ಹಾಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಉದ್ಯಾನದೊಳಗೆ ಕಾಲಿಡುವುದೇ ಅಪರಾಧ.

ಕಾಯ್ದೆ ಇಲ್ಲದಿದ್ದರೂ ಅಲ್ಲಿ ಚಕ್ರ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸವಾರರಿಗೆ ಒಳ್ಳೆಯ ಕಾಲ ಯಾವುದು? ಮಳೆ ನಿಂತು ಮಣ್ಣು ಗಟ್ಟಿಯಾಗಿ ಚಳಿ ಹತ್ತುವ ನವೆಂಬರ್, ಡಿಸೆಂಬರ್. ರಾಗಿ ತೆನೆ ಬಲಿತು ಕೊಯ್ಲಿಗೆ ಬರುವುದೂ ಅದೇ ತಿಂಗಳುಗಳಲ್ಲಿ. ಕಾಡಂಚಿನ ರೈತರು ಅಟ್ಟಣೆ ಕಟ್ಟಿ, ಟಾರ್ಚು ಪಟಾಕಿ ಇಟ್ಟುಕೊಂಡು ರಾತ್ರಿಯೆಲ್ಲ ಹೊಲ ಕಾಯುವುದೂ ಆಗಲೇ. ಸಂಜೆ ಹೊಲಕ್ಕೆ ಬಂದ ಆನೆ ಬೆಳಕು ಹರಿಯುವ ಮುನ್ನ ಕಾಡಿಗೆ ಮರಳುತ್ತದೆ. ನಗರದಿಂದ ಹೊರಟ ಸವಾರ ಕಾಡಂಚಿಗೆ ಬಂದು ಮುಟ್ಟುವುದೂ ಅದೇ ಹೊತ್ತಿಗೆ. ಜೀಪಾದರೆ ದೂರದಿಂದ ಸದ್ದು ಕೇಳುತ್ತದೆ, ಸೈಕಲ್ಲಿಗೆ ಸದ್ದಿಲ್ಲ. ತಿರುವಿನಲ್ಲಿ ಹತ್ತಾರು ಅಡಿ ದೂರದಲ್ಲಿ ಎದುರಾದರೆ ಆನೆ ಗಾಬರಿಯಾಗುತ್ತದೆ, ಗಾಬರಿಯಾದ ಆನೆ ನುಗ್ಗುತ್ತದೆ. ಅದರ ಪರಿಣಾಮವನ್ನು ಅನುಭವಿಸುವವನು ಸವಾರ ಮಾತ್ರ ಅಲ್ಲ. ಕೆರಳಿದ ಆನೆ ಅದೇ ದಿನ ಕಾಡಂಚಿನಲ್ಲಿ ದನ ಹೊಡೆದುಕೊಂಡು ಹೋಗುವವರಿಗೂ ಎದುರಾಗುತ್ತದೆ. ಕಂದಕ, ಸೋಲಾರ್ ತಂತಿ, ರೈಲು ಕಂಬಿಯ ತಡೆಬೇಲಿ ಹಾಕಿಕೊಂಡು ಹೇಗೋ ಬದುಕುತ್ತಿರುವ ಊರುಗಳಿಗೆ ನಮ್ಮ ಭಾನುವಾರದ ಖುಷಿಯಿಂದ ಇನ್ನೊಂದು ಕಷ್ಟ ಸೇರಬಾರದು. ಉದ್ಯಾನದ ಸುತ್ತಿನ ಪರಿಸರ ಸೂಕ್ಷ್ಮ ವಲಯವನ್ನು 2016ರ ಕರಡಿನಲ್ಲಿದ್ದ 268.96 ಚದರ ಕಿಲೋಮೀಟರಿನಿಂದ 168.84ಕ್ಕೆ ಇಳಿಸಿ 2020ರಲ್ಲಿ ಅಧಿಸೂಚನೆ ಹೊರಡಿಸಿದ ಮೇಲೆ ಆನೆಗೆ ಉಳಿದಿರುವ ಜಾಗ ಇನ್ನಷ್ಟು ಅಮೂಲ್ಯ.

ಚಕ್ರಕ್ಕೆ ಸಲ್ಲುವ ನೆಲ ಕಾಡಿನ ಪಶ್ಚಿಮಕ್ಕೆ, ಹೆದ್ದಾರಿಯ ಆಚೆಗಿನ ಬಯಲಿನಲ್ಲಿದೆ. ಗೋಮಾಳದ ಗುಡ್ಡಗಳು, ಕೆರೆ ಏರಿಗಳು, ಊರಿಂದ ಊರಿಗೆ ಹೋಗುವ ಎತ್ತಿನ ಗಾಡಿಯ ಓಣಿಗಳು, ಗ್ರಾಮ ಪಂಚಾಯಿತಿ ಒಪ್ಪಿದ ಕಡೆ ಕಡಿದ ಹೊಸ ತುಣುಕುಗಳು. ಇವನ್ನು ಹೊಲಿದು ಒಂದು ಸುತ್ತು ಮಾಡಬಹುದು.

ಕಾಡೊಳಗೇ ಇಲಾಖೆಯ ಒಪ್ಪಿಗೆಯಲ್ಲಿ ಸೈಕಲ್ ತುಳಿಯಬೇಕೆಂದರೆ ಹಾರೋಹಳ್ಳಿಯಿಂದ ಕನಕಪುರ ದಾಟಿ ಕಾವೇರಿಯ ಕಡೆ ಹೋಗಬೇಕು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಅಲ್ಲಿ ಸಂಗಮದಿಂದ ಮುಂದೆ ಗಾಳಿಬೋರೆಯಲ್ಲೂ, ಮಂಡ್ಯ ಜಿಲ್ಲೆಗೆ ಸೇರಿದ ಭೀಮೇಶ್ವರಿಯಲ್ಲೂ ಶಿಬಿರಗಳನ್ನು ನಡೆಸುತ್ತಿದೆ. ಬಿಳಿಮೀನು ಹಿಡಿದು ಬಿಡುವ ಗಾಳಗಾರರಿಂದ ಹೆಸರಾದ ಜಾಗಗಳಿವು. ಕಾವೇರಿ ವನ್ಯಜೀವಿ ಧಾಮದಲ್ಲಿ ಗಾಳ ನಿಂತ ಮೇಲೆ ಹರಿಗೋಲು, ಚಾರಣ, ಸೈಕಲ್ ಸವಾರಿ ಮುಂದೆ ಬಂದವು. ಇಲ್ಲಿ ನನಗೆ ಮೆಚ್ಚುಗೆಯಾಗುವುದು ಸವಲತ್ತಿನ ಹದ. ಇರುವುದು ಡೇರೆ, ಊಟದ ಚಾವಡಿ, ಮರದಡಿ ಹಾಸಿಗೆ. ಜೊತೆಗೆ ಬರುವವರು ಆ ಕಾಡು ಬಲ್ಲ ಸಿಬ್ಬಂದಿ. ಯಾವ ದಿನ ಯಾವ ಕಡೆ ಹೋಗಬಾರದು ಎಂದು ಅವರು ಹೇಳಿದರೆ ಮುಗಿಯಿತು, ಮತ್ತೆ ವಾದ ಇಲ್ಲ.

ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕನಕಪುರ ರಸ್ತೆಯ ಮೇಲೇ ಉದಾಹರಣೆ ಇದೆ. ನಗರದಂಚಿನ ತುರಹಳ್ಳಿ ಕಾಡು ಸುಮಾರು ಆರುನೂರು ಎಕರೆಯ ಕುರುಚಲು, ಹುಲ್ಲು, ಬಂಡೆಗಳ ಜಾಗ. ಬೆಂಗಳೂರಿನ ಎಷ್ಟೋ ಮಂದಿ ಬಂಡೆ ಹತ್ತುವುದನ್ನೂ ಮೌಂಟೇನ್ ಬೈಕ್ ತುಳಿಯುವುದನ್ನೂ ಕಲಿತದ್ದು ಅಲ್ಲೇ. ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ 2021ರ ಫೆಬ್ರುವರಿಯಲ್ಲಿ ಸುತ್ತಲಿನ ನಿವಾಸಿಗಳು, ಪಕ್ಷಿ ನೋಡುವವರು, ಸವಾರರು ಬೀದಿಗಿಳಿದರು. ಕಾಡನ್ನು ಪಾರ್ಕು ಮಾಡಬೇಡಿ ಎಂಬುದು ಅವರ ಕೂಗು. ಯೋಜನೆ ಕೈಬಿಡಲಾಯಿತು. ಸವಲತ್ತಿನ ಹೆಸರಿನಲ್ಲಿ ಬರುವ ಇಂಟರ್‌ಲಾಕ್ ಕಲ್ಲು, ಕಮಾನು, ಸಿಮೆಂಟಿನ ಜಿಂಕೆ ಯಾರಿಗೂ ಬೇಕಿರಲಿಲ್ಲ ಎಂಬುದನ್ನು ಆ ಹೋರಾಟ ತೋರಿಸಿಕೊಟ್ಟಿತು.

ಸವಲತ್ತಿಗೆ ಹೊರಗಿನ ಮಾದರಿಯೂ ಇದೆ. ಸ್ಕಾಟ್ಲೆಂಡಿನ ದಕ್ಷಿಣ ಭಾಗದಲ್ಲಿ ಅಲ್ಲಿನ ಅರಣ್ಯ ಇಲಾಖೆ ‘ಸೆವೆನ್ ಸ್ಟೇನ್ಸ್’ ಎಂಬ ಹೆಸರಿನಲ್ಲಿ ಏಳು ಕಡೆ ಸೈಕಲ್ ದಾರಿಗಳನ್ನು ಮಾಡಿದೆ. ಗ್ಲೆಂಟ್ರೆಸ್ ಎಂಬಲ್ಲಿ ಸೈಕಲ್ ಬಾಡಿಗೆ ಅಂಗಡಿ, ಕೆಫೆ, ಸೈಕಲ್ ತೊಳೆಯುವ ಕಟ್ಟೆ ಎಲ್ಲ ಉಂಟು. ಹಸಿರು, ನೀಲಿ, ಕೆಂಪು, ಕಪ್ಪು ಬಣ್ಣದ ಫಲಕ ನೋಡಿದರೆ ಸಾಕು, ಆ ದಾರಿ ಮಕ್ಕಳಿಗೋ ಪಳಗಿದವರಿಗೋ ಎಂದು ತಿಳಿಯುತ್ತದೆ. ಈ ಬಣ್ಣದ ಪದ್ಧತಿಯನ್ನು ನಾವು ಹಾಗೇ ತರಬಹುದು. ಕೆಫೆ ಮತ್ತು ದೊಡ್ಡ ಪಾರ್ಕಿಂಗನ್ನು ತರಬೇಕಾಗಿಲ್ಲ. ಅಲ್ಲಿನದು ಬಹುಪಾಲು ಮನುಷ್ಯ ನೆಟ್ಟ ಮರಗಳ ತೋಪು, ಆನೆ ಇಲ್ಲದ ಸೀಮೆ.

ಹಾರೋಹಳ್ಳಿಗೆ ಬೇಕಾದ ಸವಲತ್ತು ಊರೊಳಗೇ ಇರಲಿ. ಕುಡಿಯುವ ನೀರು, ಹೆಣ್ಣುಮಕ್ಕಳೂ ನಿಶ್ಚಿಂತೆಯಿಂದ ಬಳಸಬಹುದಾದ ಶೌಚಾಲಯ, ಒಂದು ಗಾಳಿ ಪಂಪು, ಪಂಕ್ಚರ್ ಸಾಮಾನು, ದಾರಿಯ ನಕ್ಷೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬಿದ್ದವರನ್ನು ಆಸ್ಪತ್ರೆಗೆ ಒಯ್ಯಲು ಒಪ್ಪಿಕೊಂಡ ಒಂದು ವಾಹನ. ತಟ್ಟೆ ಇಡ್ಲಿ, ಮುದ್ದೆ ಸಾರು ಮಾಡಿಕೊಡುವ ಮನೆಗಳಿದ್ದರೆ ಹಣ ಊರಲ್ಲೇ ಉಳಿಯುತ್ತದೆ. ಬರುವವರ ಎಣಿಕೆಯೂ ಇರಲೇಬೇಕು. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಯಿತು. ಆಮೇಲೆ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ಬಂತು. ಸೈಕಲ್ ದಾರಿಗೆ ಮಿತಿ ಅದಕ್ಕಿಂತ ಬಹಳ ಕಡಿಮೆ ಇರಬೇಕು.

ಈಗಲೇ ಹೊರಡಬೇಕೆನ್ನುವವರಿಗೆ ಕೆಲವು ಮಾತು. ಇಲ್ಲಿನ ಜಾಲಿಮುಳ್ಳು ಯಾವ ಟ್ಯೂಬನ್ನೂ ಬಿಡುವುದಿಲ್ಲ. ಟ್ಯೂಬ್‌ಲೆಸ್ ಟೈರಿಗೆ ಸೀಲೆಂಟ್ ದ್ರವ ತುಂಬಿಸಿಕೊಳ್ಳಿ, ಗಾಳಿ 25ರಿಂದ 30 ಪಿಎಸ್‌ಐ ಸಾಕು. ಹೆಲ್ಮೆಟ್ಟಿನ ಜೊತೆಗೆ ಗಂಟೆಯೂ ಕಡ್ಡಾಯ. ಸೂರ್ಯ ಹುಟ್ಟಿದ ಮೇಲಷ್ಟೇ ಮಣ್ಣಿನ ದಾರಿಗೆ ಇಳಿಯಿರಿ. ಹೊಲದ ಬಳಿ ಸಿಕ್ಕವರನ್ನು ‘ರಾತ್ರಿ ಆನೆ ಬಂದಿತ್ತಾ ಅಣ್ಣ’ ಎಂದು ಕೇಳಿ, ಹೌದೆಂದರೆ ಹಿಂದಿರುಗಿ. ಕಣಗಾಲದಲ್ಲಿ ಓಣಿಯಲ್ಲಿ ಹುರುಳಿ, ರಾಗಿ ಒಕ್ಕಣೆಗೆ ಹರಡಿದ್ದರೆ ಇಳಿದು ಸೈಕಲ್ ಎತ್ತಿಕೊಂಡು ಪಕ್ಕದಲ್ಲಿ ದಾಟಿ. ಜೋರು ಮಳೆಯಾದ ಮೇಲೆ ಎರಡು ದಿನ ಗುಡ್ಡಕ್ಕೆ ಹೋಗಬೇಡಿ. ಹಸಿ ಮಣ್ಣಿನಲ್ಲಿ ಬಿದ್ದ ಚಕ್ರದ ಗೀಟೇ ಮುಂದಿನ ಮಳೆಗೆ ಕೊರಕಲಾಗುತ್ತದೆ.