ಮುರುಗಲ ತುಪ್ಪದ ಕ್ಷೌರದ ಸೋಪು: ನಮ್ಮ ಕೆನ್ನೆಯ ಮೇಲೆ ನಡೆದ ಪರೀಕ್ಷೆ



ಬೋರ್ಡೋ ದ್ರಾವಣ, ಕಾಯಿಕೊರಕ, ಗೊಬ್ಬರದ ದಾಸ್ತಾನು ಇವುಗಳ ವಿಚಾರವನ್ನೇ ಓದುತ್ತ ಬಂದಿರುವ ತಮಗೆ ಈ ಪುಟದಲ್ಲಿ ಕ್ಷೌರದ ಸೋಪಿನ ಮೇಲೊಂದು ಲೇಖನ ಕಂಡು ಆಶ್ಚರ್ಯವಾಗಬಹುದು. ಕಾರ್ಯದರ್ಶಿಗಳಿಗೆ ಬೇರೆ ಕೆಲಸವಿಲ್ಲವೆಂದು ಕೆಲವರು ನಕ್ಕರೂ ನಕ್ಕಾರು. ಆದರೆ ವಿಷಯ ಆಡಳಿತ ಮಂಡಳಿಯ ಸಭೆಯಲ್ಲಿ ಬಂದದ್ದು. ಅಲ್ಲಿ ಒಂದು ಗಂಟೆ ಚರ್ಚೆಯಾದದ್ದು. ಆದ್ದರಿಂದ ಸದಸ್ಯರಿಗೂ ತಿಳಿಯಬೇಕು.

ನಮ್ಮ ಸದಸ್ಯರೊಬ್ಬರ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿ ಎರಡು ವರ್ಷಗಳಿಂದ ಫಸಲು ಅರ್ಧಕ್ಕಿಳಿದಿದೆ. ಅವರ ಸೊಸೆ ಕೈಕಟ್ಟಿ ಕೂರಲಿಲ್ಲ. ಮನೆಯಲ್ಲಿಯೇ ಸೋಪು ಮಾಡುವುದನ್ನು ಕಲಿತು, ಅದರಲ್ಲೂ ಗಂಡಸರ ಕ್ಷೌರದ ಸೋಪನ್ನು ಆರಿಸಿಕೊಂಡು, ನಮ್ಮ ಮಾರಾಟ ಮಳಿಗೆಯಲ್ಲಿ ಇಡುವಿರಾ ಎಂದು ಅರ್ಜಿ ಕೊಟ್ಟರು. ಇಬ್ಬರು ನಿರ್ದೇಶಕರು, “ಪಾಪ, ಕಷ್ಟದಲ್ಲಿದ್ದಾರೆ, ಇಟ್ಟುಕೊಳ್ಳೋಣ” ಎಂದರು. ಮತ್ತೊಬ್ಬರು, “ಮನೆ ಸೋಪು ಹಚ್ಚಿ ಯಾರ ಮುಖವಾದರೂ ಸುಟ್ಟರೆ ಸಂಘದ ಹೆಸರೇನಾಗಬೇಕು?” ಎಂದರು. ಎರಡೂ ಮಾತು ಸರಿಯೇ. ಕೊನೆಗೆ, ಬಿ.ಎಸ್ಸಿ. ಓದಿದವರೆಂಬ ಕಾರಣಕ್ಕೆ ಪರೀಕ್ಷೆಯ ಹೊಣೆ ನಮ್ಮ ತಲೆಗೆ, ಅಲ್ಲ, ನಮ್ಮ ಕೆನ್ನೆಗೆ ಬಂತು.

ಮೊದಲ ಕಂತಿನ ಬಿಲ್ಲೆ ನೋಡಲು ಬಹಳ ಚೆನ್ನಾಗಿತ್ತು. ಬಣ್ಣಕ್ಕೆಂದು ಅಡಿಕೆ ಚೊಗರು ಬೆರೆಸಿದ್ದರು. ಪರಿಮಳಕ್ಕೆ ದಾಲ್ಚಿನ್ನಿ ಎಣ್ಣೆ ಮತ್ತು ಮಜ್ಜಿಗೆ ಹುಲ್ಲಿನ ಎಣ್ಣೆ. ಕಚೇರಿಯ ಮೇಜಿನ ಮೇಲೆ ಇಟ್ಟರೆ ಬಂದವರೆಲ್ಲ ಎತ್ತಿ ಮೂಸಿ “ಭೇಷ್” ಎನ್ನುವರು. ಮೂಸಿ ನೋಡುವ ಪರೀಕ್ಷೆಯೊಂದೇ ಆಗಿದ್ದರೆ ಅಂದೇ ಮಳಿಗೆಗೆ ಸೇರಿಬಿಡುತ್ತಿತ್ತು. ಮರುದಿನ ಬೆಳಿಗ್ಗೆ ಹಚ್ಚಿಕೊಂಡೆವು. ಎರಡು ನಿಮಿಷದೊಳಗೆ ಕೆನ್ನೆ ಚುರುಗುಟ್ಟಿತು. ಬ್ಲೇಡು ಆಡಿಸಿದ ಮೇಲೆ ಹಸಿಮೆಣಸಿನಕಾಯಿ ತಿಕ್ಕಿದಂತಾಯಿತು. ಟವೆಲಿನ ಮೇಲೆ ಚೊಗರಿನ ಕಲೆ ಬೇರೆ. ಅದರ ವಿಚಾರಣೆ ಮನೆಯಲ್ಲಿ ಪ್ರತ್ಯೇಕವಾಗಿ ನಡೆಯಿತು.

ಇದನ್ನು ಆ ಹೆಣ್ಣುಮಗಳಿಗೆ ಹೇಗೆ ತಿಳಿಸುವುದೆಂದು ಎರಡು ದಿನ ಸಂಕಟಪಟ್ಟೆವು. ಹೋದಾಗ ಅವರೇ ಕಾಫಿ ತಂದಿಟ್ಟು, “ಸುಮ್ಮನೆ ಹೊಗಳಬೇಡಿ ಮಾವ, ಉರಿದಿದ್ರೆ ಉರೀತು ಅಂತಲೇ ಹೇಳಿ” ಎಂದರು. ಹೇಳಿದೆವು. ಅವರ ಮಾವನವರು ಮುಖ ಬೇರೆಡೆಗೆ ತಿರುಗಿಸಿ ಕುಳಿತರು. ಸೊಸೆ ಮಾತ್ರ ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದರು.

ತಪ್ಪು ಆ ಪುಸ್ತಕದಲ್ಲಿಯೇ ಸಿಕ್ಕಿತು. ಅವರು ಕಲಿತದ್ದು ಕೊಬ್ಬರಿ ಎಣ್ಣೆಯ ಸೋಪು. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಚರ್ಮಕ್ಕೆ ಒಳ್ಳೆಯದೆಂದು ಅರ್ಧ ಎಣ್ಣೆಯ ಬದಲು ಮುರುಗಲ ತುಪ್ಪ ಹಾಕಿದ್ದರು. ಆದರೆ ಸೋಡಾದ ಅಳತೆ ಬದಲಿಸಿರಲಿಲ್ಲ. ಮುರುಗಲ ತುಪ್ಪಕ್ಕೆ ಕಿಲೋಗೆ ಸುಮಾರು 135 ಗ್ರಾಂ ಸಾಕು. ಉಳಿದ ಸೋಡಾ ಎಲ್ಲಿಗೆ ಹೋಗಬೇಕು? ಬಿಲ್ಲೆಯಲ್ಲಿಯೇ ಉಳಿದು ನಮ್ಮ ಕೆನ್ನೆಗೆ ಬಂತು. ಒಂದು ಔಷಧಿಯ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಸಿಂಪಡಿಸಿ ಎಲೆ ಸುಟ್ಟುಕೊಂಡವರಿಗೆ ಇದು ಹೊಸ ಕಥೆಯೇನಲ್ಲ.

ಇಲ್ಲಿ ಒಂದು ಮಾತು. ಬೋರ್ಡೋ ದ್ರಾವಣಕ್ಕೆ ನಾವು ಲಿಟ್ಮಸ್ ಕಾಗದ ಅದ್ದಿ ನೋಡುತ್ತೇವಲ್ಲ, ಸೋಪಿಗೆ ಅದು ಸಾಲದು. ಒಳ್ಳೆಯ ಸೋಪೂ ಕ್ಷಾರವೇ ಆದ್ದರಿಂದ ಕಾಗದ ಹೇಗೂ ನೀಲಿಯಾಗುತ್ತದೆ. ಸೋಪನ್ನು ಮದ್ಯಸಾರದಲ್ಲಿ ಕರಗಿಸಿ ಫಿನಾಲ್ಫ್ಥಲೀನ್ ಹನಿ ಬಿಡಬೇಕು. ಗುಲಾಬಿ ಬಣ್ಣ ಬಂದರೆ ಸೋಡಾ ಬಿಡಿಯಾಗಿ ಉಳಿದಿದೆ ಎಂದರ್ಥ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಮಾಡಿಕೊಟ್ಟರು. ಮೊದಲ ಕಂತು ಪಾಟಲ ಹೂವಿನಂತೆ ಕೆಂಪಗಾಯಿತು.

ಎರಡನೆಯ ಕಂತಿಗೆ ಮುನ್ನ ಇನ್ನೊಂದು ತಿದ್ದುಪಡಿಯಾಯಿತು. ಸ್ನಾನದ ಸೋಪಿಗೂ ಕ್ಷೌರದ ಸೋಪಿಗೂ ವ್ಯತ್ಯಾಸ ನೊರೆಯಲ್ಲಿದೆ. ಕೊಬ್ಬರಿ ಎಣ್ಣೆಯ ನೊರೆ ಬೇಗ ಉಕ್ಕುತ್ತದೆ, ದೊಡ್ಡ ಗುಳ್ಳೆ, ಬೇಗ ಇಳಿಯುತ್ತದೆ; ಹೆಚ್ಚಾದರೆ ಚರ್ಮವನ್ನು ಒಣಗಿಸುತ್ತದೆ. ಕ್ಷೌರಕ್ಕೆ ಬೇಕಾದದ್ದು ಗಟ್ಟಿ ಮೊಸರಿನಂಥ, ನಿಂತ ನೊರೆ. ಅದನ್ನು ಕೊಡುವುದು ಸ್ಟಿಯರಿಕ್ ಆಮ್ಲ. ಮುರುಗಲ ತುಪ್ಪದಲ್ಲಿ ಅರ್ಧಕ್ಕೂ ಹೆಚ್ಚು ಇರುವುದು ಅದೇ! ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ನಮ್ಮ ಅಜ್ಜಿಯಂದಿರು ಕಾಯಿಸಿ ಹಚ್ಚುತ್ತಿದ್ದ, ಘಟ್ಟದ ಕೆಳಗಿನವರು ಪುನರ್ಪುಳಿ ಎಂದು ಕರೆಯುವ ಆ ಹಣ್ಣಿನ ಬೀಜದ ತುಪ್ಪ ಕ್ಷೌರದ ಸೋಪಿಗೆ ಹೇಳಿ ಮಾಡಿಸಿದಂತಿದೆ ಎಂಬುದು ನಮಗೂ ಈ ವಯಸ್ಸಿನಲ್ಲಿ ತಿಳಿಯಿತು. ಜೊತೆಗೆ ಸೋಡಾ ಒಂದನ್ನೇ ಹಾಕಿದರೆ ಬಿಲ್ಲೆ ಕಲ್ಲಾಗಿ ಬ್ರಷ್ಷಿಗೆ ಹತ್ತುವುದಿಲ್ಲ. ಸ್ವಲ್ಪ ಭಾಗ ಕಾಸ್ಟಿಕ್ ಪೊಟಾಶ್ ಸೇರಿಸಿದರೆ ಮೆತ್ತಗಾಗಿ ಬೇಗ ನೊರೆ ಕೊಡುತ್ತದೆ. ಹೀಗೆ ಲೆಕ್ಕ ಹಾಕಿ, ಚೊಗರು ಬಿಟ್ಟು, ಆರು ವಾರ ಗಾಳಿಗೆ ಒಣಗಿಸಿ ಎರಡನೆಯ ಕಂತು ಬಂತು. ಮೇಷ್ಟ್ರ ಹನಿಗೆ ಅದು ಬಣ್ಣ ತೋರಲಿಲ್ಲ.

ಈ ಸಲ ಪರೀಕ್ಷೆಗೆ ನಾವೊಬ್ಬರೇ ಅಲ್ಲ. ಕಚೇರಿಯ ಗುಮಾಸ್ತರು, ಪಕ್ಕದ ಎಸ್ಟೇಟಿನ ರೈಟರು, ಪೇಟೆಯ ಸಲೂನಿನ ಮಾಲೀಕರು, ಹೀಗೆ ನಾಲ್ವರು ಒಂದು ತಿಂಗಳು ಬಳಸಿದೆವು. ಬಿಸಿನೀರಿನಲ್ಲಿ ಗಡ್ಡ ಎರಡು ಮೂರು ನಿಮಿಷ ನೆನೆಯಬೇಕು, ಒದ್ದೆ ಬ್ರಷ್ಷನ್ನು ಬಿಲ್ಲೆಯ ಮೇಲೆ ಅರ್ಧ ನಿಮಿಷ ತಿರುಗಿಸಬೇಕು ಎಂದು ಎಲ್ಲರಿಗೂ ಒಂದೇ ಕ್ರಮ. ನಮ್ಮ ಮನೆಯ ಅಬ್ಬಿ ನೀರಿನಲ್ಲಿ ನೊರೆ ಹತ್ತು ನಿಮಿಷವಾದರೂ ಕುಸಿಯಲಿಲ್ಲ. ರೈಟರ ಮನೆಯದು ಬೋರ್‌ವೆಲ್, ಗಡಸು ನೀರು. ಅಲ್ಲಿ ನೊರೆ ಅರ್ಧಕ್ಕೆ ನಿಂತು, ಬಟ್ಟಲಿನ ಅಂಚಿಗೆ ಬಿಳಿ ಗಸಿ ಕಟ್ಟಿತು. ಅದು ಸೋಪಿನ ದೋಷವಲ್ಲ. ನೀರಿನ ಸುಣ್ಣದಂಶ ಸೋಪಿನೊಡನೆ ಸೇರಿ ಆಗುವಂಥದ್ದು. ಹಿಡಿದಿಟ್ಟ ಮಳೆನೀರು ಬಳಸಿದ ಮೇಲೆ ಅವರ ತಕರಾರು ನಿಂತಿತು.

ಸಲೂನಿನವರು ನಾವು ನೊರೆಯ ಎತ್ತರ ನೋಡುವುದನ್ನು ಕಂಡು ನಕ್ಕರು. “ನೊರೆ ಏನು ನೋಡ್ತೀರಿ ಸ್ವಾಮಿ, ಬ್ಲೇಡು ಹೋದ ಜಾಗ ಮುಟ್ಟಿ ನೋಡಿ” ಎಂದು ನಮ್ಮ ಬೆರಳನ್ನೇ ಹಿಡಿದು ತೋರಿಸಿದರು. ಬ್ಲೇಡು ನೊರೆಯನ್ನೆಲ್ಲ ಬಾಚಿಕೊಂಡು ಹೋದ ಮೇಲೂ ಚರ್ಮದ ಮೇಲೆ ಒಂದು ತೆಳುವಾದ ಜಾರು ಉಳಿದಿರಬೇಕಂತೆ; ಎರಡನೆಯ ಸಲ ಬ್ಲೇಡು ಎಳೆದಾಗ ಗಾಯವಾಗದಂತೆ ಕಾಯುವುದು ಅದೇ. ಈ ಸೋಪಿನಲ್ಲಿ ಅದು ಇತ್ತು. ಮೂವತ್ತು ವರ್ಷ ನಿತ್ಯ ಕ್ಷೌರ ಮಾಡಿಕೊಂಡರೂ ನಮಗೆ ಇದು ಗೊತ್ತಿರಲಿಲ್ಲ.

ಮುಖ ತೊಳೆದ ಕೂಡಲೇ ಎಲ್ಲ ಸೋಪೂ ಹಿತವೇ. ಅರ್ಧ ಗಂಟೆ ಕಳೆದು ತೋಟಕ್ಕೆ ಇಳಿದಾಗ ಕೆನ್ನೆ ಬಿಗಿಯುತ್ತದೆಯೋ, ಬೆವರು ತಾಗಿದರೆ ಉರಿಯುತ್ತದೆಯೋ ಎಂದು ಗಮನಿಸಿದೆವು. ಪಟಿಕ ಉಜ್ಜಿಕೊಳ್ಳುವ ಅಭ್ಯಾಸವನ್ನೂ ಆ ತಿಂಗಳು ಬಿಟ್ಟಿದ್ದೆವು. ನಾಲ್ವರಲ್ಲಿ ಮೂವರಿಗೆ ಏನೂ ಆಗಲಿಲ್ಲ. ಗುಮಾಸ್ತರಿಗೆ ಮಾತ್ರ ಕತ್ತಿನ ಬಳಿ ಸಣ್ಣ ಕೆಂಪು. ವಿಚಾರಿಸಿದರೆ ಅವರಿಗೆ ಕೊಟ್ಟ ಬಿಲ್ಲೆಯಲ್ಲಿ ಇನ್ನೂ ದಾಲ್ಚಿನ್ನಿ ಎಣ್ಣೆ ಇತ್ತು. ದಾಲ್ಚಿನ್ನಿ ಎಣ್ಣೆ ಪಾಯಸಕ್ಕೆ ಸರಿ, ಆಗ ತಾನೆ ಬ್ಲೇಡು ಆಡಿಸಿದ ಚರ್ಮಕ್ಕಲ್ಲ. ಅದನ್ನು ಕೈಬಿಡಿಸಿದೆವು. ಮಜ್ಜಿಗೆ ಹುಲ್ಲಿನ ವಾಸನೆ ಬಿಸಿನೀರು ತಾಗಿದೊಡನೆ ಹಾರಿಹೋಗುತ್ತದೆ. ಉಳಿದದ್ದು ಲಾವಂಚ. ಬಿಲ್ಲೆಯಲ್ಲಿ ಅದು ಅಷ್ಟಾಗಿ ತೋರುವುದಿಲ್ಲ; ನೊರೆ ಎದ್ದಾಗ ಮೊದಲ ಮಳೆಗೆ ನೆನೆದ ಮಣ್ಣಿನಂತೆ ಬಂದು ಮಧ್ಯಾಹ್ನದವರೆಗೆ ಇರುತ್ತದೆ. ಶ್ರೀಗಂಧವೇ ಬೇಕೆಂದು ಒಬ್ಬ ನಿರ್ದೇಶಕರ ಹಟ. ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡು ಹೊರದೇಶಕ್ಕೆ ಹೋಗದೆ ಉಳಿದಾಗ ಮೈಸೂರು ಸರ್ಕಾರ 1916ರಲ್ಲಿ ಎಣ್ಣೆ ತೆಗೆಯಲು ತೊಡಗಿ, ಆಮೇಲೆ ಅದನ್ನು ಸೋಪಿಗೆ ಹಾಕಿತು. ರಾಶಿ ರಾಶಿ ಗಂಧವಿದ್ದ ಸರ್ಕಾರದ ಮಾತು ಅದು. ಇಂದಿನ ಗಂಧದೆಣ್ಣೆಯ ಬೆಲೆಯಲ್ಲಿ ಈ ಮನೆಗೆ ಅದು ಆಗುವ ಮಾತಲ್ಲ. ಕಾಫಿ ಪುಡಿ ಹಾಕಬಾರದೇ ಎಂದವರೂ ಇದ್ದಾರೆ. ಕಾಫಿಯ ಘಮ ಕ್ಷಾರದ ಮುಂದೆ ನಿಲ್ಲುವುದಿಲ್ಲ, ಪುಡಿ ಕೆನ್ನೆ ಗೀರುತ್ತದೆ. ನಮ್ಮ ಕಾಫಿ ಲೋಟದಲ್ಲಿಯೇ ಇರಲಿ.

ಕುಂದು ಇಲ್ಲವೆಂದಲ್ಲ. ಕೈಸೋಪಿನಲ್ಲಿ ಗ್ಲಿಸರಿನ್ ಪೂರ್ತಿ ಉಳಿದಿರುವುದರಿಂದ ನಮ್ಮ ಆಷಾಢದ ತೇವಕ್ಕೆ ಬಿಲ್ಲೆ ಬೆವರುತ್ತದೆ. ಮುಚ್ಚಳ ಹಾಕಿಟ್ಟರೆ ಅಂಟುತ್ತದೆ. 80 ಗ್ರಾಂ ಬಿಲ್ಲೆಗೆ 160 ರೂಪಾಯಿ ಎಂದಾಗ ಹಲವರು ಹುಬ್ಬೇರಿಸಿದರು. ಆದರೆ 30 ಕ್ಷೌರಕ್ಕೆ ಸವೆದದ್ದು 21 ಗ್ರಾಂ; ಒಂದು ಕ್ಷೌರಕ್ಕೆ ಒಂದೂವರೆ ರೂಪಾಯಿಯೂ ಬೀಳುವುದಿಲ್ಲ.

ಇಷ್ಟಾದರೂ ಸೋಪು ಇನ್ನೂ ಮಳಿಗೆಗೆ ಬಂದಿಲ್ಲ. ಔಷಧ ಮತ್ತು ಕಾಂತಿವರ್ಧಕಗಳ 1940ರ ಕಾಯಿದೆ ಹಾಗೂ 2020ರ ನಿಯಮಗಳಂತೆ ಇಂಥದ್ದನ್ನು ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಬೇಕು. ಅದಿಲ್ಲದೆ ಇಡಲಾಗದೆಂದು ನಾವೇ ಸಭೆಯಲ್ಲಿ ಹೇಳಬೇಕಾಯಿತು. ಆ ಸದಸ್ಯರು ನಮ್ಮೊಡನೆ ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ. ಅವರ ಸೊಸೆ ಅರ್ಜಿಯ ಕಾಗದ ತುಂಬಲು ಪ್ರತಿ ಶನಿವಾರ ಕಚೇರಿಗೆ ಬರುತ್ತಿದ್ದಾರೆ. ಅರ್ಜಿಯ ಕೆಲಸಕ್ಕೆ ನೆರವಾಗಲು ಮಂಡಳಿ ಒಪ್ಪಿದೆ. ಪರವಾನಗಿ ಬಂದ ದಿನ ಲಾವಂಚದ ಬಿಲ್ಲೆಯನ್ನು ಮಳಿಗೆಗೆ ತೆಗೆದುಕೊಳ್ಳಬೇಕೆಂದು ನಾವು ಬರೆದುಕೊಟ್ಟಿದ್ದೇವೆ.

ಅಷ್ಟರಲ್ಲಿ ಸದಸ್ಯರಿಂದ ಒಂದು ಸಹಾಯ ಬೇಕು. ಮುರುಗಲು ಸಿಪ್ಪೆ ಒಣಗಿಸಿ ಬೀಜವನ್ನು ತಿಪ್ಪೆಗೆ ಎಸೆಯುವುದು ನಮ್ಮಲ್ಲಿ ರೂಢಿ. ಬೀಜದ ತೂಕದ ಸುಮಾರು ಕಾಲುಭಾಗ ತುಪ್ಪವಿದೆ. ಈ ಹಂಗಾಮಿನಲ್ಲಿ ಬೀಜವನ್ನು ತೊಳೆದು, ಚೆನ್ನಾಗಿ ಒಣಗಿಸಿ, ಬೂಷ್ಟು ಬರುವ ಮುನ್ನ ಸಂಘದ ಗೋದಾಮಿಗೆ ತಂದುಕೊಡಿ. ತೂಕ ಮಾಡಿ ಚೀಟಿ ಕೊಡಲಾಗುವುದು. ಹಸಿ ಬೀಜ ತೆಗೆದುಕೊಳ್ಳುವುದಿಲ್ಲ.