ಪಾರ್ಕಿಂಗ್ ಕಂಬಗಳ ನಡುವೆ ಉಕ್ಕಿನ ಬ್ರೇಸಿಂಗ್ ಯಾಕೆ?

ಪುಣೆಯಲ್ಲಿ ಫ್ಲ್ಯಾಟ್ ತಗೊಂಡಿರೋ ಗೆಳೆಯರೊಬ್ಬರು ಕಳೆದ ವಾರ ಫೋನ್ ಮಾಡಿದ್ರು. "ಪಾರ್ಕಿಂಗ್ ಕಂಬಗಳ ಮಧ್ಯೆ ಸ್ಟೀಲ್ ಬ್ರೇಸಿಂಗ್ ಹಾಕಬೇಕು ಅಂತಿದ್ದಾರೆ ಸಾರ್. ಎರಡು ಕಾರಿನ ಜಾಗ ಹೋಗುತ್ತೆ. ಸೊಸೈಟಿ ಮೀಟಿಂಗ್‌ನಲ್ಲಿ ಬೇಡ ಅಂದುಬಿಡ್ಲಾ?" ನಾನು ಸ್ಟ್ರಕ್ಚರಲ್ ಇಂಜಿನಿಯರ್. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ.

2001ರ ಜನವರಿ 26ರಂದು ಭುಜ್ ಹತ್ತಿರ ಭೂಕಂಪ ಆಯ್ತು. ಅಲ್ಲಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಹಲವು ಅಪಾರ್ಟ್‌ಮೆಂಟ್‌ಗಳು ಕುಸಿದು ನೂರಾರು ಜನ ಸತ್ತರು. ಬಿದ್ದವುಗಳಲ್ಲಿ ಹೆಚ್ಚಿನವು ಕೆಳಗೆ ಬರೀ ಕಂಬ, ಮೇಲೆ ಮನೆಗಳಿದ್ದ ಕಟ್ಟಡಗಳು. ನಮ್ಮ ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲಿ ಅಹಮದಾಬಾದ್, ಪುಣೆ, ಮುಂಬೈ, ಚೆನ್ನೈ ನಾಲ್ಕೂ ಮೂರನೇ ವಲಯದಲ್ಲಿವೆ. ದೆಹಲಿ ನಾಲ್ಕನೇ ವಲಯ.

ಮೇಲಿನ ಮಹಡಿಗಳಲ್ಲಿ ಇಟ್ಟಿಗೆ ಗೋಡೆಗಳು ಕಾಂಕ್ರೀಟ್ ಚೌಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತವೆ. ಪಾರ್ಕಿಂಗ್‌ನಲ್ಲಿ ಗೋಡೆಯೇ ಇಲ್ಲ. ನೆಲ ಅಲುಗಿದಾಗ ಮೇಲಿನದೆಲ್ಲ ಒಂದೇ ಪೆಟ್ಟಿಗೆ ಥರ ಓಲಾಡುತ್ತೆ. ಬಾಗೋ ಕೆಲಸವೆಲ್ಲ ಕೆಳಗಿನ ಕಂಬಗಳ ಪಾಲಿಗೆ.

ನಾಲ್ಕು ಕಡ್ಡಿ ಸೇರಿಸಿ ಚೌಕ ಕಟ್ಟಿ, ಪಕ್ಕಕ್ಕೆ ತಳ್ಳಿ ನೋಡಿ, ವಾಲುತ್ತೆ. ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿದ್ರೆ ವಾಲಲ್ಲ. ಬ್ರೇಸಿಂಗ್‌ನ ಗುಟ್ಟು ಇದೇ. 1995ರ ಕೋಬೆ ಭೂಕಂಪದ ನಂತರ ಜಪಾನಿನ ಎಷ್ಟೋ ಹಳೇ ಕಾಂಕ್ರೀಟ್ ಶಾಲೆಗಳಿಗೆ ಹೀಗೆ ಉಕ್ಕಿನ ಬ್ರೇಸ್ ಹಾಕಿದ್ದಾರೆ. ಕಾಂಕ್ರೀಟ್ ಗೋಡೆಗಿಂತ ಹಗುರ, ಗಾಳಿ-ಬೆಳಕಿಗೂ ಅಷ್ಟು ಅಡ್ಡಿಯಿಲ್ಲ.

ಆದರೆ ವೆಲ್ಡರ್ ಕರೆಸಿ ನಾಲ್ಕು ಆ್ಯಂಗಲ್ ಹೊಡೆಸಿದ್ರೆ ಮುಗೀತು ಅಂದ್ಕೋಬೇಡಿ. ಬ್ರೇಸ್ ಬಲವನ್ನು ಮಾಯ ಮಾಡಲ್ಲ, ಅದರ ದಾರಿ ಬದಲಿಸುತ್ತೆ. ಪಕ್ಕದ ಕಂಬಗಳ ಮೇಲೆ ಹೆಚ್ಚಿನ ಒತ್ತಡ ಅಥವಾ ಎಳೆತ ಬೀಳುತ್ತೆ, ಪಾಯವನ್ನೇ ಮೇಲಕ್ಕೆ ಕೀಳೋ ಬಲವೂ ಬರಬಹುದು. ಬ್ರೇಸ್ ತೆಳ್ಳಗಿದ್ರೆ ಒತ್ತಡಕ್ಕೆ ಸೊಟ್ಟಗಾಗುತ್ತೆ. ಕಾಂಕ್ರೀಟಿಗೆ ಕೂರಿಸಿದ ಆ್ಯಂಕರ್ ಬೋಲ್ಟ್ ಕಿತ್ತು ಬಂದ್ರೆ ಬ್ರೇಸ್ ಇದ್ದೂ ಇಲ್ಲದ ಹಾಗೆ. ಒಂದೇ ಪಕ್ಕಕ್ಕೆ ಹಾಕಿದ್ರೆ ಕಟ್ಟಡ ತಿರುಚಿಕೊಳ್ಳುತ್ತೆ; ಎರಡೂ ದಿಕ್ಕಿನಲ್ಲಿ, ಸಮತೋಲನ ನೋಡಿ ಹಾಕಬೇಕು.

ಹಾಗಾಗಿ ಮೀಟಿಂಗ್‌ನಲ್ಲಿ ಮೂರು ಪ್ರಶ್ನೆ ಕೇಳಿ. ಐಎಸ್ 15988 ಪ್ರಕಾರ ಕಟ್ಟಡದ ಪರಿಶೀಲನೆ ಆಗಿದೆಯಾ? ಕಂಬ, ಪಾಯಗಳ ಹೊಸ ಲೆಕ್ಕ ಮಾಡಿದ್ದಾರಾ? ಬ್ರೇಸ್ ಮತ್ತು ಕಾಂಕ್ರೀಟ್ ಸೇರೋ ಜಾಗದ ಡ್ರಾಯಿಂಗ್ ಇದೆಯಾ? ಮೂರಕ್ಕೂ ಹೌದು ಅಂದ್ರೆ ಎರಡು ಕಾರನ್ನ ಹೊರಗೆ ನಿಲ್ಲಿಸಿ.

"ಅದ್ರಲ್ಲಿ ಒಂದು ನಂದೇ ಸಾರ್" ಅಂದ್ರು ಗೆಳೆಯರು. ಆದ್ರೂ ಒಪ್ಪಿಕೊಳ್ಳಿ ಅಂದೆ. ಮನೆ ನಿಂತಿರೋದು ಆ ಕಂಬಗಳ ಮೇಲೇ ಅಲ್ವಾ?

ಮತ್ತೆ ಸಿಗೋಣ.