ಐಡಲ್ ನಿಲ್ಲದ ಎಂಜಿನ್

ಪೀಣ್ಯದ ಗ್ಯಾರೇಜಿರಲಿ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿರಲಿ, ಹಳೆಯ ಬೈಕಿನ ಮೇಲಿನ ದೂರು ಒಂದೇ: "ಸ್ಟಾರ್ಟ್ ಆಗತ್ತೆ, ಐಡಲ್ ನಿಲ್ಲಲ್ಲ. ಮಿಸ್ಸಿಂಗ್ ಹೊಡೀತಿದೆ." ಥ್ರಾಟಲ್ ಮುಚ್ಚಿದಾಗಲೂ ಎಂಜಿನ್ ನಿಧಾನವಾಗಿ ತಿರುಗುತ್ತಿರುವುದು ಐಡಲ್, ನಡುನಡುವೆ ಉರಿ ತಪ್ಪುವುದು ಮಿಸ್ಸಿಂಗ್. ದೂರು ಒಂದೇ ಆದರೂ ಕಾರಣಗಳು ಕೆಲವೊಮ್ಮೆ ತದ್ವಿರುದ್ಧ. ಈ ಅಧ್ಯಾಯ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ಇರುವ ಗಾಡಿಗಳದ್ದು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಬೈಕುಗಳಲ್ಲಿ ಸಾಮಾನ್ಯವಾಗಿ ಅದರ ಜಾಗದಲ್ಲಿ ಇಂಜೆಕ್ಟರ್ ಇರುತ್ತದೆ. ಅಂಗಡಿ ಮುಂದಿನ ಪೆಟ್ರೋಲ್ ಜನರೇಟರಿಗೂ, ಮಲ್ಪೆಯ ನಾಡದೋಣಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿಗೂ ಇಲ್ಲಿನ ತರ್ಕ ಬಹುಮಟ್ಟಿಗೆ ಒಪ್ಪುತ್ತದೆ.

ಎಂಜಿನ್ನಿಗೆ ಬೇಕಾದ್ದು ಮೂರು: ಹದವಾದ ಮಿಶ್ರಣ, ಸಾಕಷ್ಟು ಕಂಪ್ರೆಷನ್, ಹೊತ್ತಿಗೆ ಸರಿಯಾಗಿ ಕಿಡಿ. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಗಾಳಿ ಹೆಚ್ಚಾದರೆ ಲೀನ್, ಪೆಟ್ರೋಲ್ ಹೆಚ್ಚಾದರೆ ರಿಚ್. ನಿಮಿಷಕ್ಕೆ 1,400 ಸುತ್ತು ತಿರುಗುವ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ 700 ಸಲ ಉರಿ ಹೊತ್ತಬೇಕು. ಅದರಲ್ಲಿ ಕೆಲವು ತಪ್ಪಿದರೂ ಹ್ಯಾಂಡಲ್ ಹಿಡಿದ ಕೈಗೆ ಗೊತ್ತಾಗುತ್ತದೆ.

ಮೊದಲು ಪ್ಲಗ್ ನೋಡಿ

ಎಂಜಿನ್ ತಣ್ಣಗಾದ ಮೇಲೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡಿ. ನಸುಗಂದು ಬಣ್ಣವಿದ್ದರೆ ಮಿಶ್ರಣ ಸರಿಯಿದೆ. ಒಣ ಕಪ್ಪು ಮಸಿ ಹಿಡಿದಿದ್ದರೆ ರಿಚ್: ಕಾರ್ಖಾನೆಗಳ ಧೂಳಿನಲ್ಲಿ ದಿನವೂ ಓಡಾಡುವ ಬೈಕಾದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಎಣ್ಣೆ ಮೆತ್ತಿದ್ದರೆ ಮನೆಯ ರಿಪೇರಿ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಿ. ಪ್ಲಗ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ಬಹಳ ಸಲ ಪ್ಲಗ್ ಬೇರೆ ಕಡೆಯ ತಪ್ಪಿಗೆ ಸಾಕ್ಷಿಯಷ್ಟೇ.

ಪೈಲಟ್ ಜೆಟ್ ಎಂಬ ಸೂಕ್ಷ್ಮ ರಂಧ್ರ

ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ನಾನು ಮೊದಲು ಅನುಮಾನಿಸುವುದು ಪೈಲಟ್ ಜೆಟ್ಟನ್ನೇ. ಕಾರ್ಬೊರೇಟರಿನಲ್ಲಿ ಪೆಟ್ರೋಲಿಗೆ ಎರಡು ದಾರಿ. ಥ್ರಾಟಲ್ ತೆರೆದಾಗ ಕಿರಿದಾದ ಗಂಟಲಿನಲ್ಲಿ ಗಾಳಿ ರಭಸವಾಗಿ ನುಗ್ಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಮೈನ್ ಜೆಟ್ಟಿನಿಂದ ಪೆಟ್ರೋಲ್ ಮೇಲೇಳುತ್ತದೆ. ಥ್ರಾಟಲ್ ಮುಚ್ಚಿದಾಗ ಆ ರಭಸವಿಲ್ಲ. ಎಂಜಿನ್ನಿನ ಸೆಳೆತವೆಲ್ಲ ಥ್ರಾಟಲ್ಲಿನ ಹಿಂಬದಿಗೆ ಸರಿಯುತ್ತದೆ. ಅಲ್ಲಿ ಬಾಯಿ ತೆರೆದಿರುವುದು ಪೈಲಟ್ ಜೆಟ್ಟಿನ ದಾರಿ. ಇದರ ರಂಧ್ರ ಅರ್ಧ ಮಿಲಿಮೀಟರಿಗಿಂತ ಸಣ್ಣದು. ಅದು ಕಟ್ಟಿದರೆ ಐಡಲ್ಲಿಗೆ ಮಾತ್ರ ಪೆಟ್ರೋಲ್ ಸಾಲದು. ಹೊಸೂರು ರಸ್ತೆಯಲ್ಲಿ ಸಲೀಸಾಗಿ ಓಡಿದ ಬೈಕು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆಫ್ ಆಗುವ ಗುಟ್ಟು ಇದೇ. ಎಷ್ಟು ಸೊಗಸಾದ ಸುಳಿವು!

ನಿಂತ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗುತ್ತವೆ. ಉಳಿದದ್ದು ಬೆಲ್ಲದ ಪಾಕದಂತೆ ಅಂಟಿ ಜೆಟ್ಟನ್ನು ಮುಚ್ಚುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವವನ್ನೂ ಹೀರುತ್ತದೆ. ನೀರು ಮಿತಿಮೀರಿದರೆ ಎಥೆನಾಲಿನ ಜೊತೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಶೇಕಡ 20 ಎಥೆನಾಲಿನ ಇ20 ಪೆಟ್ರೋಲ್ 2023ರ ಫೆಬ್ರವರಿ 6ರಂದು ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ. ಹಳೆಯ ಬೈಕು ಇಟ್ಟುಕೊಂಡವರು ಇದನ್ನು ಅರಿತಿರಬೇಕು.

ಪರೀಕ್ಷೆ ಸುಲಭ. ಬಿಸಿಯಾದ ಎಂಜಿನ್ನಿಗೆ ಚೋಕ್ ಎಳೆಯಿರಿ: ಅದು ಮಿಶ್ರಣವನ್ನು ರಿಚ್ ಮಾಡುತ್ತದೆ. ಐಡಲ್ ಸ್ಥಿರವಾಗಿ ನಿಂತರೆ ಮಿಶ್ರಣ ಮೊದಲು ಲೀನ್ ಆಗಿತ್ತು ಎಂದರ್ಥ. ಕಾರಣ ಕಟ್ಟಿದ ಪೈಲಟ್ ಜೆಟ್ ಇರಬಹುದು, ಬಿರುಕುಬಿಟ್ಟು ಹೆಚ್ಚುವರಿ ಗಾಳಿ ಒಳಬಿಡುವ ಇನ್‌ಟೇಕ್ ರಬ್ಬರ್ ಇರಬಹುದು. ಚೋಕ್ ಎಳೆದಾಗ ಇನ್ನಷ್ಟು ಕೆಟ್ಟರೆ ಏರ್ ಫಿಲ್ಟರ್ ಕಡೆ ತಿರುಗಿ.

ಇಲ್ಲೇ ಹಲವರು ಎಡವುವುದು. ಐಡಲ್ ಸ್ಕ್ರೂ ತಿರುಗಿಸಿ ಎಂಜಿನ್ ಆಫ್ ಆಗದಂತೆ ಮಾಡಿಬಿಡುತ್ತಾರೆ. ಆ ಸ್ಕ್ರೂ ಥ್ರಾಟಲ್ಲನ್ನು ತುಸು ತೆರೆದಿಡುತ್ತದೆ, ಅಷ್ಟೇ. ಕಟ್ಟಿದ ದಾರಿ ಕಟ್ಟಿಯೇ ಇರುತ್ತದೆ, ರೋಗದ ಲಕ್ಷಣ ಮಾತ್ರ ಮುಚ್ಚಿಹೋಗುತ್ತದೆ.

ಬಿಚ್ಚುವ ಕ್ರಮ

ಬೇಸ್‌ಮೆಂಟಿನಲ್ಲಿ ಈ ಕೆಲಸ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ಕಿಡಿಗೆ ಕಾಯುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ. ಬಯಲಿಗೆ ತಂದು, ಎಂಜಿನ್ ತಣಿಸಿ, ಪೆಟ್ರೋಲ್ ಕಾಕ್ ಮುಚ್ಚಿ. ಕಾರ್ಬೊರೇಟರಿನ ತಳದ ಪೆಟ್ರೋಲ್ ಬಟ್ಟಲಾದ ಫ್ಲೋಟ್ ಬೌಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿಕೊಳ್ಳಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಬೌಲ್ ಬಿಚ್ಚಿ ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿಯಿರಿ: ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು. ಅರೆಚಂದ್ರ ಕಂಡರೂ ಅದು ಕಟ್ಟಿದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಮಾಡಿ ಗಾಳಿ ಹಾಯಿಸಿ. ತಂತಿ ಚುಚ್ಚಬೇಡಿ. ಹಿತ್ತಾಳೆ ಮೆದು, ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಕೆಟ್ಟಿತು.

ಇದಿಷ್ಟಾದರೂ ಮಿಸ್ಸಿಂಗ್ ಉಳಿದರೆ ಕಿಡಿ, ವಾಲ್ವ್ ಕ್ಲಿಯರೆನ್ಸ್, ಕಂಪ್ರೆಷನ್ ಪರೀಕ್ಷೆಗಳು ಬಾಕಿಯಿವೆ. ಅವು ಮುಂದಿನ ಅಧ್ಯಾಯಕ್ಕೆ. ಅಷ್ಟರೊಳಗೆ ಗುಜರಿಯಿಂದ ಒಂದು ಹಳೆಯ ಕಾರ್ಬೊರೇಟರ್ ತಂದು ಬಿಚ್ಚಿ ಜೋಡಿಸಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಎಂಜಿನ್ ಹಾಲ್‌ಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಮುಂದಿನ ಸರ್ವಿಸಿನಲ್ಲಿ ಮೆಕ್ಯಾನಿಕ್‌ಗೆ "ಅಣ್ಣಾ, ಜೆಟ್ ತೋರಿಸಿ" ಎಂದು ಕೇಳಿ. ತಾನು ದಿನವೂ ಏರುವ ಯಂತ್ರ ಹೇಗೆ ಉಸಿರಾಡುತ್ತದೆಂದು ಇಷ್ಟು ಕಾರ್ಖಾನೆಗಳಿರುವ ಊರಿನ ಪ್ರತಿಯೊಬ್ಬರೂ ತಿಳಿದಿರಲೇಬೇಕು.